ಎಬಿಪಿ1 ಇಲ್ಲದೆಯೂ ಗಿಡ ಬೆಳೆಯಿತು: ಒಂದು ಸಸ್ಯ ಪ್ರೋಟೀನಿನ ಗೋಜಲು

ಒಂದು ಜೀನ್ ಗಿಡದಲ್ಲಿ ಏನು ಕೆಲಸ ಮಾಡುತ್ತದೆಂದು ತಿಳಿಯಬೇಕಾದರೆ ಅದನ್ನು ಕೆಡಿಸಿ, ಗಿಡಕ್ಕೆ ಏನಾಗುತ್ತದೆಂದು ನೋಡುವುದು ಸಸ್ಯ ವಿಜ್ಞಾನಿಗಳ ರೂಢಿ. ಕೆಟ್ಟದ್ದು ಆ ಜೀನ್ ಒಂದೇ ಎಂಬ ಖಾತ್ರಿಯಿಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ ಎಬಿಪಿ1 ಎಂಬ ಪ್ರೋಟೀನಿನ ಚರಿತ್ರೆ ಸಾಕ್ಷಿ.

ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್‌ಗೆ ಅಂಟಿಕೊಳ್ಳುವ ಈ ಪ್ರೋಟೀನಿನ ಸುಳಿವು 1970ರ ದಶಕದಲ್ಲಿ ಮುಸುಕಿನ ಜೋಳದ ಮೊಳಕೆಗಳಲ್ಲಿ ಸಿಕ್ಕಿತು. 1985ರಲ್ಲಿ ಅದನ್ನು ಶುದ್ಧೀಕರಿಸಲಾಯಿತು. ಅದರ ಬಹುಪಾಲು ಜೀವಕೋಶದ ಒಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿರುತ್ತದೆ, ಆದರೆ ಆಕ್ಸಿನ್‌ಗೆ ಚೆನ್ನಾಗಿ ಅಂಟುವುದು ಜೀವಕೋಶದ ಹೊರಗಿನಂಥ ಆಮ್ಲೀಯ ವಾತಾವರಣದಲ್ಲಿ, ಅಂದರೆ ಪಿಎಚ್ 5.5ರ ಆಸುಪಾಸಿನಲ್ಲಿ. ಈ ವಿರೋಧಾಭಾಸ ಇನ್ನಷ್ಟು ಜನರನ್ನು ಕಾಡಬೇಕಿತ್ತು.

2001ರಲ್ಲಿ, ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಫಲಿತಾಂಶವೊಂದು ಪ್ರಕಟವಾಯಿತು. ಅಗ್ರೋಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾ ತಂದು ಸೇರಿಸುವ ಡಿಎನ್‌ಎ ತುಣುಕು ಎಬಿಪಿ1 ಜೀನನ್ನು ಕೆಡಿಸಿದ್ದ ಗಿಡಗಳಲ್ಲಿ, ಎರಡೂ ಪ್ರತಿಗಳು ಕೆಟ್ಟ ಭ್ರೂಣಗಳು ಗೋಳಾಕಾರದ ಹಂತವನ್ನು ದಾಟುತ್ತಿರಲಿಲ್ಲ. ಹಾಗಾದರೆ ಈ ಪ್ರೋಟೀನಿಲ್ಲದೆ ಬದುಕಿಲ್ಲವೆಂದಾಯಿತು. ಸತ್ತ ಭ್ರೂಣದಿಂದ ಬೇರಿನ, ಎಲೆಯ ಕಥೆ ತಿಳಿಯುವುದಿಲ್ಲವಾದ್ದರಿಂದ ಸಂಶೋಧಕರು ಸುತ್ತುದಾರಿ ಹಿಡಿದರು: ಬೇಕೆಂದಾಗ ಜೀವಕೋಶದೊಳಗೆ ಪ್ರತಿಕಾಯ ಉತ್ಪಾದಿಸಿ ಪ್ರೋಟೀನನ್ನು ತಡೆಯುವ ಸಸ್ಯಗಳು, ಜೀನಿನ ಸಂದೇಶಕ್ಕೆ ಅಂಟಿ ಪ್ರೋಟೀನಿನ ತಯಾರಿಯನ್ನು ತಗ್ಗಿಸುವ ಆಂಟಿಸೆನ್ಸ್ ಆರ್‌ಎನ್‌ಎ ಬಳಸಿದ ಸಸ್ಯಗಳು, ಆಕ್ಸಿನ್ ಕೂರುವ ಜಾಗದಲ್ಲಿ ಡಿಎನ್‌ಎಯ ಒಂದು ಅಕ್ಷರ ಬದಲಾದ ಎಬಿಪಿ1-5 ಎಂಬ ತಳಿ. 2005ರಲ್ಲಿ ಟಿಐಆರ್1 ಎಂಬ ಬೇರೊಂದು ಆಕ್ಸಿನ್ ಗ್ರಾಹಿ (ಹಾರ್ಮೋನಿನ ಸಂದೇಶವನ್ನು ಹಿಡಿಯುವ ಪ್ರೋಟೀನು) ಖಚಿತಪಟ್ಟರೂ, ಕ್ಷಣಾರ್ಧದ ಪ್ರತಿಕ್ರಿಯೆಗಳ ಶ್ರೇಯಸ್ಸು ಎಬಿಪಿ1ಕ್ಕೇ ಸಲ್ಲುತ್ತಿತ್ತು.

2015ರಲ್ಲಿ ಎಲ್ಲವೂ ತಲೆಕೆಳಗಾಯಿತು. ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ಕ್ರಿಸ್ಪರ್ ತಂತ್ರ ಬಳಸಿ, ಎಬಿಪಿ1 ಜೀನಿನಲ್ಲಿ ಪ್ರೋಟೀನಿನ ಸೂಚನೆಯನ್ನು ಹೊತ್ತ ಮೊದಲ ಎಕ್ಸಾನ್‌ನಲ್ಲಿ ಐದು ಅಕ್ಷರ ಅಳಿಸಿದ ಗಿಡಗಳೂ, ಅದೇ ಎಕ್ಸಾನ್‌ನಲ್ಲಿ ಡಿಎನ್‌ಎ ತುಣುಕು ಹೊಕ್ಕ ಇನ್ನೊಂದು ತಳಿಯೂ ಸಾಮಾನ್ಯ ಗಿಡಗಳಂತೆಯೇ ಬೆಳೆದವು. ಅದೇ ವರ್ಷ ಹಳೆಯ ತಳಿಗಳ ಭ್ರೂಣಗಳ ಸಾವಿಗೆ ಪಕ್ಕದ ಬಿಎಸ್‌ಎಂ ಎಂಬ ಜೀನ್ ಕೆಟ್ಟದ್ದೇ ಕಾರಣವೆಂದು ತಿಳಿಯಿತು. ಎಬಿಪಿ1-5 ತಳಿಯಲ್ಲಿ ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಬಿ ಜೀನಿನದೂ ಸೇರಿ ಇನ್ನೂ ಅನೇಕ ಬದಲಾವಣೆಗಳಿದ್ದವು. ಮರುವರ್ಷ ಇನ್ನೊಂದು ಕುತೂಹಲಕರ ಸಂಗತಿ ಹೊರಬಿತ್ತು: ಪ್ರತಿಕಾಯದ ಹಾಗೂ ಆಂಟಿಸೆನ್ಸ್ ತಳಿಗಳನ್ನು ಎಬಿಪಿ1 ಇಲ್ಲದ ಗಿಡಗಳೊಂದಿಗೆ ಸಂಕರಿಸಿದಾಗಲೂ ದೋಷಗಳು ಉಳಿದವು. ಇಲ್ಲದ ಪ್ರೋಟೀನನ್ನು ತಡೆಯುವುದಾದರೂ ಹೇಗೆ?

ಒಂದೇ ಜೀನ್ ಬೇರೆ ಬೇರೆ ಕಡೆ ಕೆಟ್ಟ ಎರಡು ಸ್ವತಂತ್ರ ತಳಿಗಳನ್ನು ಹೋಲಿಸುವ, ಮೂಲ ತಳಿಯೊಂದಿಗೆ ಮತ್ತೆ ಮತ್ತೆ ಸಂಕರಿಸಿ ಹೆಚ್ಚುವರಿ ಬದಲಾವಣೆಗಳನ್ನು ಕಳೆಯುವ ಪರಿಪಾಠ ಕ್ರಿಸ್ಪರ್‌ಗಿಂತ ಬಹಳ ಹಳೆಯದು. ಯಾರೊಬ್ಬರದೂ ತಪ್ಪೆನ್ನಲಾಗದು; ಬೀಜಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋದವು, ಅವುಗಳೊಂದಿಗೆ ಮೊದಲ ವ್ಯಾಖ್ಯಾನವೂ ಹೋಯಿತು.

ಹಾಗೆಂದು ಪ್ರಕರಣ ಮುಗಿಯಲಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎಬಿಪಿ1, ಜೀವಕೋಶದ ಪೊರೆಯಲ್ಲಿರುವ ಟಿಎಂಕೆ1 ಎಂಬ ಪ್ರೋಟೀನಿನೊಂದಿಗೆ ಸೇರಿ, ಹೊರಗಿನ ಆಕ್ಸಿನ್‌ಗೆ ತಕ್ಷಣ ಸ್ಪಂದಿಸುತ್ತದೆ. ಎಬಿಪಿ1 ಇಲ್ಲದ ಗಿಡಗಳು ನೋಡಲು ಸರಿಯಾಗಿದ್ದರೂ, ಕಾಂಡಕ್ಕೆ ಗಾಯವಾದಾಗ ನಾಳಗಳು ಸರಿಯಾಗಿ ಮರುಬೆಳೆಯುವುದಿಲ್ಲ. 2023ರಲ್ಲಿ ಇದೇ ಕೆಲಸವನ್ನು ಹಂಚಿಕೊಳ್ಳುವ ಎಬಿಎಲ್1, ಎಬಿಎಲ್2 ಎಂಬ ಪ್ರೋಟೀನುಗಳೂ ಪತ್ತೆಯಾದವು. ಎಬಿಪಿ1 ಒಂದನ್ನೇ ಕೆಡಿಸಿದ ಗಿಡ ಏಕೆ ಅಷ್ಟು ಆರೋಗ್ಯವಾಗಿತ್ತೆಂಬುದಕ್ಕೆ ಅವು ಕಾರಣವಾಗಿರಬಹುದು.