ಹಗ್ಗ ಹರಿದರೆ ಬಿಟ್ಟುಬಿಡ್ತಾರಾ?

ಪ್ರಶ್ನೆ: ಪರಪ್ಪನ ಅಗ್ರಹಾರ ಜೈಲಿನಲ್ಲಿ ಹ್ಯಾಂಗ್‌ಮನ್ ಇದ್ದಾರಾ? ಸಂಬಳ ಎಷ್ಟು? ನೇಣಿನ ಹಗ್ಗ ಹರಿದರೆ ಕೈದಿಯನ್ನು ಬಿಟ್ಟುಬಿಡಬೇಕಂತೆ, ನಿಜವಾ?

ಎಷ್ಟನೇ ಸಲ ಇದಕ್ಕೆ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ತಪ್ಪಿದೆ. ಮರಣದಂಡನೆಯ ತೀರ್ಪು ಟಿವಿಯಲ್ಲಿ ಬಂದರೆ ಸಾಕು, ಮರುದಿನ ಇದೇ ಪ್ರಶ್ನೆ ಹಾಜರ್.

ಮೊದಲೆರಡನ್ನು ಬೇಗ ಮುಗಿಸುತ್ತೇನೆ. ನಮ್ಮ ರಾಜ್ಯದಲ್ಲಿ ಗಲ್ಲುಶಿಕ್ಷೆ ಆದವರನ್ನು ಇಡುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ನೇಣುಗಂಬ ಇರುವುದೂ ಅಲ್ಲೇ. ಅಲ್ಲಿ ಕೊನೆಯದಾಗಿ ಗಲ್ಲು ಆದದ್ದು 1983ರಲ್ಲಿ. ನಲವತ್ತು ವರ್ಷ ಕೆಲಸವೇ ಇಲ್ಲದ ಹುದ್ದೆಗೆ ಯಾರು ಅರ್ಜಿ ಕರೆಯುತ್ತಾರೆ ಹೇಳಿ.

2020ರ ಮಾರ್ಚ್ 20ರಂದು ನಿರ್ಭಯಾ ಪ್ರಕರಣದ ನಾಲ್ವರನ್ನು ನೇಣಿಗೆ ಹಾಕಲು ತಿಹಾರ್ ಜೈಲಿನವರು ಮೀರತ್‌ನಿಂದ ಪವನ್ ಜಲ್ಲಾದ್ ಅವರನ್ನು ಕರೆಸಿಕೊಂಡರು. ಆಗ ಉತ್ತರ ಪ್ರದೇಶ ಸರ್ಕಾರ ಅವರಿಗೆ ತಿಂಗಳಿಗೆ ಕೊಡುತ್ತಿದ್ದದ್ದು 5,000 ರೂಪಾಯಿ. ಹೊಟ್ಟೆಪಾಡಿಗೆ ಅವರು ಸೈಕಲ್ ಮೇಲೆ ಬಟ್ಟೆ ಮಾರುತ್ತಿದ್ದರು. ಅವರ ತಾತ ಕಲ್ಲು ಅವರದ್ದೂ ಇದೇ ಕೆಲಸ. ಇಂದಿರಾ ಗಾಂಧಿ ಹಂತಕರನ್ನು 1989ರಲ್ಲಿ ನೇಣಿಗೇರಿಸಿದ್ದು ಅವರೇ. ವಂಶದ ಕಸುಬು ಇಲ್ಲದ ಕಡೆ ಕಾಲಡಿಯ ಹಲಗೆ ತೆರೆಯುವ ಸನ್ನೆಕೋಲನ್ನು ಜೈಲಿನ ಸಿಬ್ಬಂದಿಯೇ ಎಳೆಯುತ್ತಾರೆ. 2013ರಲ್ಲಿ ಅಫ್ಜಲ್ ಗುರುವಿನ ವಿಷಯದಲ್ಲಿ ಆದದ್ದು ಹಾಗೆಯೇ.

ಈಗ ಹಗ್ಗಕ್ಕೆ ಬರೋಣ. ಇದನ್ನು ನನಗೆ ಆಟೋದವರೂ ಹೇಳಿದ್ದಾರೆ, ಎಲ್‌ಎಲ್‌ಬಿ ಓದುವ ಹುಡುಗರೂ ಹೇಳಿದ್ದಾರೆ. ಎರಡನೆಯವರ ಬಗ್ಗೆ ಬೇಜಾರು ಜಾಸ್ತಿ. ಕಥೆ ಹೀಗೆ: ಹಗ್ಗ ಹರಿಯಿತಂತೆ. ಒಬ್ಬ ಚಾಲಾಕಿ ವಕೀಲರು ಎದ್ದು, 'ತೀರ್ಪಿನಲ್ಲಿ ನೇಣಿಗೆ ಹಾಕಿ ಅಂತ ಮಾತ್ರ ಇದೆ, ಹಾಕಿ ಆಯಿತಲ್ಲ' ಅಂದರಂತೆ. ಕೈದಿ ಮನೆಗೆ ಹೋದನಂತೆ. ಆಮೇಲೆ 'ಸಾಯುವವರೆಗೆ' ಅನ್ನುವ ಮಾತನ್ನು ಸೇರಿಸಿದರಂತೆ. ವಕೀಲರ ಹೆಸರು ಮಾತ್ರ ಊರಿಗೊಂದು.

ಸುಮ್ನೆ ಕಾನೂನು ತೆಗೆದು ನೋಡಿ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ 'ಸಾಯುವವರೆಗೆ ಕುತ್ತಿಗೆಗೆ ನೇಣು ಹಾಕಬೇಕು' ಅಂತಿದೆ. 1973ರ ಸಂಹಿತೆಯ 354(5)ನೇ ಕಲಮಿನಲ್ಲೂ ಅದೇ ಇತ್ತು. ಈಗಿನ ಹೊಸ ಸಂಹಿತೆಯಲ್ಲೂ ಅದೇ. ಇಂಗ್ಲೆಂಡಿನ ಜಡ್ಜುಗಳು ಇದನ್ನು ಅದಕ್ಕೂ ಎಷ್ಟೋ ಮೊದಲಿನಿಂದ ಹೇಳುತ್ತಿದ್ದರು. ಹಗ್ಗ ಹರಿದರೆ ಶಿಕ್ಷೆ ಜಾರಿಯಾಗಿಲ್ಲ ಅಂತ ಅರ್ಥ, ಅಷ್ಟೇ. ಅಷ್ಟಕ್ಕೂ ಹಗ್ಗ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ಕೈದಿಯ ತೂಕದ ಒಂದೂವರೆ ಪಟ್ಟು ಮರಳು ತುಂಬಿದ ಚೀಲವನ್ನು ಮೊದಲೇ ಅದಕ್ಕೆ ಕಟ್ಟಿ ಬೀಳಿಸಿ ನೋಡಿರುತ್ತಾರೆ. ಬೇರೆ ಹಗ್ಗವೂ ಪಕ್ಕದಲ್ಲಿ ರೆಡಿ ಇರುತ್ತದೆ. ದೇಹವನ್ನು ಅರ್ಧ ಗಂಟೆ ಇಳಿಸುವ ಹಾಗಿಲ್ಲ. ಜೀವ ಹೋಗಿದೆ ಅಂತ ಡಾಕ್ಟರು ಬರೆದುಕೊಡಬೇಕು. 1982ರಲ್ಲಿ ತಿಹಾರ್‌ನಲ್ಲಿ ರಂಗಾ ಎಂಬ ಕೊಲೆ ಅಪರಾಧಿಯನ್ನು ನೇಣಿಗೆ ಹಾಕಿ ಎರಡು ಗಂಟೆಯಾದರೂ ನಾಡಿ ಮಿಡಿಯುತ್ತಿತ್ತು ಅಂತ ಅಲ್ಲಿದ್ದ ಅಧಿಕಾರಿಯೊಬ್ಬರೇ ಬರೆದಿದ್ದಾರೆ. ಆಗ ಒಬ್ಬ ಸಿಬ್ಬಂದಿಯನ್ನು ಕೆಳಗಿಳಿಸಿ ಕಾಲು ಹಿಡಿದು ಎಳೆಸಿದರು. ಮನೆಗೆ ಕಳಿಸಲಿಲ್ಲ.

ಬದುಕಿಕೊಂಡವರು ಇಲ್ಲವೇ ಇಲ್ಲ ಅಂತಲ್ಲ. 1885ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಜೈಲಿನಲ್ಲಿ ಜಾನ್ ಲೀ ಎಂಬವನ ಕಾಲಡಿಯ ಹಲಗೆ ಮೂರು ಸಲವೂ ತೆರೆಯಲಿಲ್ಲ. ಗೃಹಮಂತ್ರಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಅದು ಅವರ ದಯೆ, ಲೀಯ ಹಕ್ಕಲ್ಲ. ಅವನು ಹೊರಗೆ ಬಂದದ್ದು 1907ರಲ್ಲಿ. ಇಪ್ಪತ್ತೆರಡು ವರ್ಷ ಒಳಗಿದ್ದವನನ್ನು 'ಬಿಟ್ಟುಬಿಟ್ಟರು' ಅನ್ನಬಹುದಾ?

ಹ್ಯಾಂಗ್‌ಮನ್‌ಗೆ ಬೇಕಾದ ನಿಜವಾದ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಅದು ಬೀಳುವ ಎತ್ತರದ್ದು. ದಪ್ಪ ಮನುಷ್ಯನಿಗೆ ಕಡಿಮೆ ಎತ್ತರ, ತೆಳ್ಳಗಿನವನಿಗೆ ಜಾಸ್ತಿ. ಕಡಿಮೆಯಾದರೆ ಉಸಿರುಗಟ್ಟಿ ನರಳುತ್ತಾನೆ. ಜಾಸ್ತಿಯಾದರೆ ರುಂಡವೇ ಬೇರೆಯಾಗಬಹುದು. ಈ ಲೆಕ್ಕದ ಪದ್ಧತಿಯನ್ನು 1872ರಲ್ಲಿ ಜಾರಿಗೆ ತಂದ ಇಂಗ್ಲೆಂಡಿನ ವಿಲಿಯಂ ಮಾರ್ವುಡ್ ಮೂಲತಃ ಚಪ್ಪಲಿ ಹೊಲಿಯುವವನು.

ಬೆಂಗಳೂರಿನಲ್ಲಿ ಯಾರನ್ನೂ ನೇಣಿಗೆ ಹಾಕೇ ಇಲ್ವಾ ಅಂತ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಈಗಿನ ಫ್ರೀಡಂ ಪಾರ್ಕ್ ಹಳೆಯ ಸೆಂಟ್ರಲ್ ಜೈಲು, ಅಲ್ವಾ? 1943ರ ಮಾರ್ಚ್‌ನಲ್ಲಿ ಶಿವಮೊಗ್ಗದ ಈಸೂರಿನ ಐವರು ಸ್ವಾತಂತ್ರ್ಯ ಹೋರಾಟಗಾರರನ್ನು ಗಲ್ಲಿಗೇರಿಸಿದ್ದು ಅಲ್ಲೇ: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಅಲ್ಲೀಗ ಧರಣಿಯವರ ಶಾಮಿಯಾನ.