ಸೊಲ್ನ್ತ್ಸೆವ್ ಕೀವ್‌ನ ಭಿತ್ತಿಚಿತ್ರಗಳನ್ನು ಅಳಿಸಿಬಿಟ್ಟನೇ?

ಪ್ರಶ್ನೆ: ಕೀವ್ ನಗರದ ಸಂತ ಸೋಫಿಯಾ ಕೆಥೆಡ್ರಲ್‌ನ 11ನೇ ಶತಮಾನದ ಚಿತ್ರಗಳ ಮೇಲೆ ಫ್ಯೋದರ್ ಸೊಲ್ನ್ತ್ಸೆವ್ ಆಯಿಲ್ ಪೇಂಟ್ ಹೊಡೆಸಿದನಂತೆ. ಹಾಗಾದರೆ ಈಗ ಅಲ್ಲಿರುವುದೆಲ್ಲ ಅವನ ಕಾಲದ ನಕಲು ತಾನೇ?

ಅಲ್ಲ. ಪೇಂಟ್ ಹೊಡೆಸಿದ್ದು ನಿಜ, ಎಲ್ಲ ನಕಲು ಅನ್ನುವುದು ಸುಳ್ಳು. ಎಷ್ಟು ಸಲ ಹೇಳಿದರೂ ಓದಿದವರು ಮೊದಲರ್ಧವನ್ನಷ್ಟೇ ಹೊತ್ತುಕೊಂಡು ಹೋಗುತ್ತಾರೆ. ಹಾಗಾಗಿ ಈ ಸಲ ತುಸು ಬಿಡಿಸಿಯೇ ಹೇಳುತ್ತೇನೆ.

ಮೊದಲು ಆಸಾಮಿಯ ಪರಿಚಯ. 1801ರಲ್ಲಿ ರಷ್ಯಾದ ಯಾರೊಸ್ಲಾವ್ಲ್ ಪ್ರಾಂತ್ಯದಲ್ಲಿ, ಮೂಸಿನ್-ಪುಷ್ಕಿನ್ ಜಮೀನ್ದಾರರ ಜೀತದಾಳಿನ ಮನೆಯಲ್ಲಿ ಹುಟ್ಟಿದವ. 1815ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಕಲಾ ಅಕಾಡೆಮಿ ಸೇರಿದ. ಅಕಾಡೆಮಿಯ ಅಧ್ಯಕ್ಷ ಒಲೆನಿನ್ ಇವನ ಕೈಚಳಕ ನೋಡಿ ಹಳೆಯ ಕಿರೀಟ, ಶಿರಸ್ತ್ರಾಣ, ಚರ್ಚಿನ ಪಾತ್ರೆಗಳನ್ನು ಇದ್ದದ್ದು ಇದ್ದಂತೆ ಬಿಡಿಸುವ ಕೆಲಸಕ್ಕೆ ಹಚ್ಚಿದ. ಅಲ್ಲಿಂದ ಸೊಲ್ನ್ತ್ಸೆವ್ ಅರ್ಧ ಚಿತ್ರಕಾರ, ಅರ್ಧ ಪುರಾತತ್ತ್ವಜ್ಞ.

1843ರಲ್ಲಿ ಸಂತ ಸೋಫಿಯಾದ ಗೋಡೆಯಲ್ಲಿ ಗಾರೆ ಉದುರಿದ ಕಡೆ ಹಳೆಯ ಚಿತ್ರ ಇಣುಕಿದ್ದನ್ನು ಅವನು ಕಂಡ. ಚಕ್ರವರ್ತಿ ಮೊದಲನೇ ನಿಕೊಲಾಸ್‌ಗೆ ವರದಿ ಹೋಯಿತು, ಅಪ್ಪಣೆ ಬಂತು. ಶತಮಾನಗಳ ಸುಣ್ಣ ಕೆರೆದು ತೆಗೆದರು. 1853ರ ಹೊತ್ತಿಗೆ ಹಳೆಯ ಗೆರೆಗಳ ಮೇಲೆಯೇ ಎಣ್ಣೆಬಣ್ಣದ ಹೊಸ ಸಂತರು ನಿಂತಿದ್ದರು. ಯಾಕೆ ಹಾಗೆ ಮಾಡಿದರು? ಅದು ನಿತ್ಯ ಪೂಜೆ ನಡೆಯುವ ಚರ್ಚು, ಮ್ಯೂಸಿಯಂ ಅಲ್ಲ. ಭಿನ್ನವಾದ ವಿಗ್ರಹಕ್ಕೆ ನಮ್ಮಲ್ಲಿ ಪೂಜೆ ಉಂಟೇ? ಅರ್ಧ ಮುಖದ ಸಂತನ ಮುಂದೆ ಮೇಣದಬತ್ತಿ ಹಚ್ಚಲು ಅವರ ಭಕ್ತರಿಗೂ ಮನಸ್ಸು ಬರುತ್ತಿರಲಿಲ್ಲ.

ಈಗ ಆ ಮೊಂಡು ನಂಬಿಕೆಗೆ ಬರೋಣ: ಮೇಲೆ ಬಣ್ಣ ಬಿದ್ದರೆ ಕೆಳಗಿನದು ಸತ್ತಂತೆ ಅನ್ನುವುದು. ಕಾಗದದ ಚಿತ್ರಕ್ಕೆ ಸರಿ, ಫ್ರೆಸ್ಕೊಗೆ ಅಲ್ಲ. ಫ್ರೆಸ್ಕೊದಲ್ಲಿ ಗಾರೆ ಹಸಿಯಾಗಿರುವಾಗಲೇ, ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಅಂಟು ಬೇಕಿಲ್ಲ. ಗಾರೆಯ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, ಅಂದರೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನೊಳಗೆ ಸಿಕ್ಕಿಕೊಳ್ಳುತ್ತವೆ. ಗಟ್ಟಿಯಾದ ಆ ಗೋಡೆಯ ಮೇಲೆ ಆಮೇಲೆ ಬಳಿದ ಎಣ್ಣೆಬಣ್ಣ ಬೇರೆಯದೇ ಪದರ. ಅದನ್ನು ದ್ರಾವಕದಿಂದ ಮೆತ್ತಗೆ ಮಾಡಿ, ಸ್ಕಾಲ್‌ಪೆಲ್ ಹಿಡಿದು ಅಂಗುಲ ಅಂಗುಲವಾಗಿ ಎತ್ತಬಹುದು. 20ನೇ ಶತಮಾನದಲ್ಲಿ ಕೀವ್‌ನಲ್ಲಿ ಮಾಡಿದ್ದು ಇದನ್ನೇ. ಇಂದು ಅಲ್ಲಿ ಸುಮಾರು 3,000 ಚದರ ಮೀಟರ್ ಹಳೆಯ ಫ್ರೆಸ್ಕೊ ಉಳಿದಿದೆ. ಮೂಲ ಚಿತ್ರವೇ ಸಿಗದ ಜಾಗಗಳಲ್ಲಿ ಮಾತ್ರ 19ನೇ ಶತಮಾನದ ಎಣ್ಣೆಚಿತ್ರಗಳನ್ನು ಹಾಗೆಯೇ ಬಿಟ್ಟಿದ್ದಾರೆ.

ಹಾಗಂತ ಹಾನಿಯೇ ಆಗಲಿಲ್ಲ ಅನ್ನುತ್ತಿಲ್ಲ. ಆದರೆ ದೊಡ್ಡ ಹಾನಿ ಮಾಡಿದ್ದು ಎಲ್ಲರೂ ಬೈಯುವ ಕುಂಚವಲ್ಲ, ಅದಕ್ಕೂ ಮೊದಲು ಬಂದ ಕಬ್ಬಿಣದ ಕೆರೆಗತ್ತಿ. ಕಣ್ಣಿನ ಹೊಳಪು, ಬಟ್ಟೆಯ ಮಡಿಕೆಯ ಅಂಚು ಮುಂತಾದ ಕೊನೆಯ ನಾಜೂಕು ಕೆಲಸವನ್ನು ಹಳೆಯ ಕಲಾವಿದರು ಗಾರೆ ಒಣಗಿದ ಮೇಲೆ ಮಾಡಿದ್ದರು. ಅದು ಗೋಡೆಯೊಳಗೆ ಇಳಿದಿರಲಿಲ್ಲ, ಸುಣ್ಣದ ಜತೆಗೇ ಕಿತ್ತುಬಂತು. ಇದನ್ನು ಯಾವ ದ್ರಾವಕವೂ ವಾಪಸು ತರುವುದಿಲ್ಲ.

ಅಜಂತಾದ ಬಗ್ಗೆಯೂ ಈ ಲೆಕ್ಕವನ್ನೇ ಹಿಡಿಯಬೇಡಿ. ಅಲ್ಲಿನವು ಒಣ ಗಾರೆಯ ಮೇಲೆ ಅಂಟು ಬೆರೆಸಿ ಬರೆದವು. 1920ರ ದಶಕದಲ್ಲಿ ಇಟಲಿಯ ತಜ್ಞರು ಅವುಗಳಿಗೆ ಬಳಿದ ಅರಗಿನ ವಾರ್ನಿಷ್ ಹಳದಿಗಟ್ಟಿತು. ಕೆಳಗಿನ ಬಣ್ಣ ಏಳದಂತೆ ಅದನ್ನು ತೆಗೆಯುವುದು ಇದಕ್ಕಿಂತ ಬಲು ಕಷ್ಟ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಚರ್ಚಿನ ನಡುಅಂಕಣದ ದಕ್ಷಿಣ ಗೋಡೆಯಲ್ಲಿ ಸಾಲಾಗಿ ನಾಲ್ಕು ಜನರ ಚಿತ್ರವಿದೆ, ಚರ್ಚು ಕಟ್ಟಿಸಿದ ರಾಜ ಯಾರೊಸ್ಲಾವ್‌ನ ಮನೆಯವರದು. ಸೊಲ್ನ್ತ್ಸೆವ್ ಕಾಲದಲ್ಲಿ ಅವರಿಗೆ ಎಣ್ಣೆಬಣ್ಣ ಹಚ್ಚಿ ಹುತಾತ್ಮರಾದ ಸಂತ ಸೋಫಿಯಾ ಮತ್ತು ಅವಳ ಮೂವರು ಹೆಣ್ಣುಮಕ್ಕಳನ್ನಾಗಿ ಮಾಡಿಬಿಟ್ಟರು. ಡಚ್ ಚಿತ್ರಕಾರ ವೆಸ್ಟರ್‌ಫೆಲ್ಡ್ 1651ರಲ್ಲಿ ಬರೆದುಕೊಂಡ ರೇಖಾಚಿತ್ರದ ಪ್ರತಿ ಉಳಿದಿದ್ದರಿಂದ ಇಡೀ ರಾಜಪರಿವಾರ ಹೇಗೆ ನಿಂತಿತ್ತೆಂದು ಊಹಿಸಬಹುದು. ಆದರೂ ಆ ನಾಲ್ವರು ಹೆಣ್ಣುಮಕ್ಕಳೋ ಗಂಡುಮಕ್ಕಳೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಮುಂದೆ ಫ್ರಾನ್ಸ್‌ನ ರಾಣಿಯಾದ ಅನ್ನಾ ಇವರಲ್ಲಿ ಯಾರು ಎಂದು ಮಾತ್ರ ಕೇಳಬೇಡಿ. ಗೋಡೆಯ ಮೇಲೆ ಹೆಸರು ಉಳಿದಿಲ್ಲ.