ಫ್ಯಾಟ್‌ಫೇಸ್: ಫಲಕಕ್ಕೆಂದೇ ಹುಟ್ಟಿದ ಅಕ್ಷರ

ಮೈಸೂರಿನ ದೇವರಾಜ ಅರಸು ರಸ್ತೆಯಂಥ ಅಂಗಡಿ ಬೀದಿಯಲ್ಲಿ ತಲೆಯೆತ್ತಿ ನಡೆದರೆ ಒಂದು ಬಗೆಯ ಇಂಗ್ಲಿಷ್ ಅಕ್ಷರ ಕಣ್ಣಿಗೆ ಬೀಳುತ್ತದೆ. ನಿಂತ ಗೆರೆಗಳು ಭಾರೀ ದಪ್ಪ, ಅಡ್ಡಗೆರೆಗಳು ಕೂದಲೆಳೆಯಷ್ಟು ತೆಳು, ತುದಿಗಳಲ್ಲಿ ಸಣ್ಣ ಚಾಚು. ಆ ಚಾಚಿಗೆ ಸೆರಿಫ್ ಎನ್ನುತ್ತಾರೆ. ಶೀರ್ಷಿಕೆ, ಫಲಕ, ಭಿತ್ತಿಪತ್ರಗಳ ದೊಡ್ಡ ಅಳತೆಗೆಂದೇ ರೂಪಿಸಿದ ಅಕ್ಷರ ಡಿಸ್‌ಪ್ಲೇ. ಇವೆರಡೂ ಕೂಡಿ, ದಪ್ಪವನ್ನು ಅತಿಗೆ ಒಯ್ದರೆ ಅದೇ ಫ್ಯಾಟ್‌ಫೇಸ್.

18ನೇ ಶತಮಾನದ ಕೊನೆಯ ವೇಳೆಗೆ ಇಟಲಿಯ ಪಾರ್ಮಾದಲ್ಲಿ ಮುದ್ರಕ ಬೊಡೋನಿ, ಪ್ಯಾರಿಸ್ಸಿನಲ್ಲಿ ಡಿಡೊ ಮನೆತನದವರು ದಪ್ಪ ಮತ್ತು ತೆಳು ಗೆರೆಗಳ ಅಂತರವನ್ನು ಬಹಳ ಹಿಗ್ಗಿಸಿದ್ದರು. ಅದು ಪುಸ್ತಕದ ಪುಟಕ್ಕಾಗಿ ಮಾಡಿದ ಕೆಲಸ. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಗೋಡೆಗಳ ಮೇಲೆ ಲಾಟರಿ ಮತ್ತು ಸರಕುಗಳ ಜಾಹೀರಾತುಗಳು ಪೈಪೋಟಿಗೆ ಬಿದ್ದಾಗ, ಅಚ್ಚುಮೊಳೆ ಎರಕ ಹೊಯ್ಯುವವರು ದಪ್ಪ ಗೆರೆಯನ್ನು ಇನ್ನಷ್ಟು ಉಬ್ಬಿಸಿ ತೆಳುವನ್ನು ಹಾಗೆಯೇ ಉಳಿಸಿದರು. ಇದರ ಶ್ರೇಯವನ್ನು ಸಾಮಾನ್ಯವಾಗಿ ಅವರಲ್ಲೊಬ್ಬನಾದ ರಾಬರ್ಟ್ ಥಾರ್ನ್‌ಗೆ ಕೊಡುತ್ತಾರೆ. ಆ ಕಾಲದ ಭಿತ್ತಿಪತ್ರಗಳ ನೆನಪಿನಲ್ಲೇ ರೂಪಿಸಿದ ಅಬ್ರಿಲ್ ಫ್ಯಾಟ್‌ಫೇಸ್ ಎಂಬ ಫಾಂಟ್ ಈಗ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಈ ಅಕ್ಷರದ ಚೆಲುವೆಲ್ಲ ಆ ತೆಳುಗೆರೆಯಲ್ಲಿದೆ, ಕಷ್ಟವೂ ಅಲ್ಲಿಯೇ. ಅಚ್ಚುಮೊಳೆಯ ಕಾಲದಲ್ಲಿ ಒಂದೊಂದು ಅಳತೆಗೂ ಅಕ್ಷರವನ್ನು ಬೇರೆಯಾಗಿಯೇ ಕೊರೆಯುತ್ತಿದ್ದರು. ಅಳತೆ ಚಿಕ್ಕದಾದರೆ ತೆಳುಗೆರೆಗೆ ಕೊಂಚ ಮೈ ತುಂಬುತ್ತಿದ್ದರು. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿಗೆ ಸೊಗಸಾಗಿ ಒಪ್ಪಿದ ಫ್ಯಾಟ್‌ಫೇಸನ್ನೇ ಕೆಳಗಿನ ಛತ್ರದ ವಿಳಾಸಕ್ಕೂ ಎಂಟು ಪಾಯಿಂಟಿನಲ್ಲಿ ಹಾಕಿದರೆ ತೆಳುಗೆರೆ ಅಲ್ಲಲ್ಲಿ ಕಡಿದುಹೋಗುತ್ತದೆ. ಕಡುಗೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಾದರೆ ಸುತ್ತಲಿನ ಶಾಯಿ ಒಳಕ್ಕೆ ಹರಡಿ ಗೆರೆಯನ್ನೇ ನುಂಗುತ್ತದೆ. ಪತ್ರಿಕೆಯ ಮುಖಪುಟ, ಪುಸ್ತಕದ ರಕ್ಷಾಪುಟ, ನಾಟಕದ ಭಿತ್ತಿಪತ್ರ, ಅಂಗಡಿಯ ಹೆಸರು: ಇವು ಇದರ ಜಾಗ. ಬಸ್ಸಿನ ಮಾರ್ಗಫಲಕಕ್ಕಾಗಲಿ, ಬೆಂಗಳೂರು–ಮೈಸೂರು ಹೆದ್ದಾರಿಯ ಊರಫಲಕಕ್ಕಾಗಲಿ ಇದು ಸಲ್ಲದು.

ನನಗೆ ಬೇಸರವಾಗುವುದು ಅದೇ ಅಂಗಡಿ ಬೋರ್ಡಿನ ಕನ್ನಡವನ್ನು ನೋಡಿದಾಗ. ಇಂಗ್ಲಿಷಿಗೆ ಹುಡುಕಿ ತಂದ ಅಕ್ಷರ. ಕನ್ನಡಕ್ಕೆ ಕೈಗೆ ಸಿಕ್ಕಿದ ಫಾಂಟಿನ ಮೇಲೆ ಬೋಲ್ಡ್ ಗುಂಡಿಯ ಒಂದು ಒತ್ತು. ನಿಜವಾದ ದಪ್ಪ ರೂಪವಿಲ್ಲದ ಫಾಂಟಿನಲ್ಲಿ ಆ ಗುಂಡಿ ಎಲ್ಲ ಗೆರೆಗಳನ್ನೂ ಒಂದೇ ಸಮನೆ ಊದಿಸುತ್ತದೆ. ‘ರೇಷ್ಮೆ ವಸ್ತ್ರ’ ಎಂದು ಬರೆಸಿ ಹತ್ತಿರದಿಂದ ನೋಡಿ. ‘ಷ’ದ ಒಳಗೆರೆಯ ಅಕ್ಕಪಕ್ಕದ ಬಿಳಿ ಮುಚ್ಚಿಹೋಗಿರುತ್ತದೆ. ‘ಸ್ತ್ರ’ದ ಕೆಳಗೆ ತ ಒತ್ತು, ರ ಒತ್ತು ಎರಡೂ ಅಂಟಿಕೊಂಡು ಕರಿಮುದ್ದೆಯಾಗಿರುತ್ತವೆ. ‘ಧ’ದ ಅಡಿಯ ಸೀಳು ಮುಚ್ಚಿದರೆ ಅದು ‘ದ’ ಆಗಿಬಿಡುತ್ತದೆ.

ಇಂಗ್ಲಿಷಿನ ಸೂತ್ರವನ್ನು ಹಾಗೆಯೇ ತಂದರೂ ಕೆಲಸ ಆಗುವುದಿಲ್ಲ. ಸೆರಿಫ್ ತೆಗೆದರೂ ಇಂಗ್ಲಿಷ್ ಅಕ್ಷರ ಅದೇ ಅಕ್ಷರ. ನಮ್ಮ ತಲೆಕಟ್ಟು ಅಂಥ ಅಲಂಕಾರವಲ್ಲ, ಅಕ್ಷರದ ಅಂಗ. ‘ನ’ದಿಂದ ಅದನ್ನು ತೆಗೆದರೆ ‘ನ’ ಉಳಿಯುವುದಿಲ್ಲ. ಕೂದಲೆಳೆಯಷ್ಟು ತೆಳುವಾಗಿಸಿದರೆ ದೂರಕ್ಕೆ ಕಾಣುವುದೂ ಇಲ್ಲ. ದಪ್ಪ ಎಲ್ಲಿ ಕೂರಬೇಕು, ಒತ್ತಕ್ಷರಕ್ಕೆ ಎಷ್ಟು ಉಸಿರಾಡುವ ಜಾಗ ಬೇಕು ಎಂಬುದನ್ನು ಕನ್ನಡದ ದುಂಡು ಗೆರೆಯಿಂದಲೇ ತೀರ್ಮಾನಿಸಿ ಹೊಸದಾಗಿ ಬರೆಯಬೇಕು. ಏಕ್ ಟೈಪ್ ಎಂಬ ಫಾಂಟ್ ತಂಡದ ‘ಬಲೂ ತಮ್ಮ’ ಎಂಬ ಕನ್ನಡ ಫಾಂಟ್ ಈ ಬಗೆಯ ಕೆಲಸ. ಆದರೆ ಅದು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪದ ಗೆರೆಯ ಅಕ್ಷರ, ಫ್ಯಾಟ್‌ಫೇಸಿನ ಏರಿಳಿತ ಅದರದಲ್ಲ. ‘ನೋಟೊ ಸೆರಿಫ್ ಕನ್ನಡ’ ಎಂಬ ಫಾಂಟಿನಲ್ಲಿ ತುಂಬ ದಪ್ಪನೆಯ ರೂಪವೂ ಇದೆ. ಎರಡೂ ಉಚಿತ.

2024ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಹೆಚ್ಚಿನ ಜಾಗ ಕನ್ನಡದ್ದು ಎಂದಮೇಲೆ ಅಕ್ಷರದ ಆಯ್ಕೆಯೂ ಅಲ್ಲಿಂದಲೇ ಆಗಲಿ. ಕನ್ನಡದ ಹೆಸರನ್ನು ಮೊದಲು ಬರೆಸಿ, ರಸ್ತೆಯ ಆಚೆ ಬದಿಯಿಂದ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆಯೇ ನೋಡಿ, ಅದರ ತೂಕಕ್ಕೆ ಹೊಂದುವ ಇಂಗ್ಲಿಷ್ ಅಕ್ಷರವನ್ನು ಆಮೇಲೆ ಹುಡುಕಿ. ಇಂಗ್ಲಿಷಿನಲ್ಲಿ ಫ್ಯಾಟ್‌ಫೇಸ್‌ಗಳಿಗೆ ಬರವಿಲ್ಲ.